ಸಣ್ಣ ತಯಾರಕರ ಪೈಲಟ್ ಮಾದರಿ ಕ್ರೋನೊಗ್ರಾಫ್: ಖರೀದಿಗೆ ಮುನ್ನ ಹಾಕಬೇಕಾದ ಲೆಕ್ಕ

ಕೈಗಡಿಯಾರವನ್ನು ಸಮಯ ನೋಡುವ ಅಗತ್ಯಕ್ಕಾಗಿಯೇ ಕೊಳ್ಳುವವರ ಸಂಖ್ಯೆ ಇಂದು ಕಡಿಮೆಯಾಗಿದೆ. ಆ ಕೆಲಸವನ್ನು ಜೇಬಿನಲ್ಲಿರುವ ಮೊಬೈಲ್ ಮಾಡುತ್ತದೆ. ಆದರೂ ಹಳೆಯ ವಿಮಾನ ಚಾಲಕರ ಗಡಿಯಾರಗಳನ್ನು ಹೋಲುವ ಕ್ರೋನೊಗ್ರಾಫ್‌ಗಳಿಗೆ ಬೇಡಿಕೆ ಉಳಿದಿದೆ. ಹೆಸರಾಂತ ಸ್ವಿಸ್ ಕಂಪನಿಗಳ ಇಂತಹ ಗಡಿಯಾರಗಳ ಬೆಲೆ ಲಕ್ಷಗಳಲ್ಲಿರುವುದರಿಂದ, ಅದೇ ರೂಪವನ್ನು ಕೆಲವೇ ಸಾವಿರ ರೂಪಾಯಿಗಳಿಗೆ ಒದಗಿಸುವ ಸಣ್ಣ ತಯಾರಕರು ಅನೇಕ ದೇಶಗಳಲ್ಲಿ ಹುಟ್ಟಿಕೊಂಡಿದ್ದಾರೆ. ಅವರಲ್ಲಿ ಬಹುತೇಕರು ಖರೀದಿದಾರರಿಗೆ ನೇರವಾಗಿ ಮಾರುತ್ತಾರೆ.

ಮೇಲ್ನೋಟಕ್ಕೆ ಇದು ಹವ್ಯಾಸದ ವಿಷಯ. ಆದರೆ ಚಿಕ್ಕ ಪೂರೈಕೆದಾರನಿಂದ ಯಂತ್ರವೊಂದನ್ನು ಕೊಳ್ಳುವಾಗ ವರ್ತಕನ ಮುಂದೆ ಬರುವ ಪ್ರಶ್ನೆಗಳೆಲ್ಲ ಇಲ್ಲಿಯೂ ಬರುತ್ತವೆ. ಕೈಸೇರುವಾಗ ಬೀಳುವ ಒಟ್ಟು ವೆಚ್ಚವೆಷ್ಟು? ದುರಸ್ತಿ ಮಾಡುವವರು ಯಾರು? ಕೊಟ್ಟ ಮುಂಗಡಕ್ಕೆ ಭದ್ರತೆ ಏನು? ತಯಾರಕನೇ ಇಲ್ಲವಾದರೆ ಗತಿಯೇನು? ಈ ನಾಲ್ಕು ಪ್ರಶ್ನೆಗಳ ಅಧ್ಯಯನವೇ ಪ್ರಸ್ತುತ ಲೇಖನದ ಉದ್ದೇಶ.

ಕ್ರೋನೊಗ್ರಾಫ್ ಎಂದರೇನು?

ಸಮಯ ತೋರಿಸುವುದರ ಜೊತೆಗೆ, ಬೇಕೆಂದಾಗ ಆರಂಭಿಸಿ, ನಿಲ್ಲಿಸಿ, ಶೂನ್ಯಕ್ಕೆ ತರಬಹುದಾದ ಪ್ರತ್ಯೇಕ ಸೆಕೆಂಡಿನ ಮುಳ್ಳುಳ್ಳ ಗಡಿಯಾರವೇ ಕ್ರೋನೊಗ್ರಾಫ್. ಸಾಮಾನ್ಯವಾಗಿ ಮೇಲಿನ ಗುಂಡಿ ಆರಂಭ ಮತ್ತು ನಿಲುಗಡೆಗೆ, ಕೆಳಗಿನ ಗುಂಡಿ ಶೂನ್ಯಕ್ಕೆ ತರಲು. ಎರಡು ಗುಂಡಿಗಳ ಈ ವ್ಯವಸ್ಥೆ 1930ರ ದಶಕದಲ್ಲಿ ರೂಢಿಗೆ ಬಂದಿತು.

ವಿಮಾನ ಚಾಲಕನಿಗೆ ಇದು ಅಲಂಕಾರವಾಗಿರಲಿಲ್ಲ. ನಿಗದಿತ ವೇಗದಲ್ಲಿ, ನಿಗದಿತ ದಿಕ್ಕಿನಲ್ಲಿ ಎಷ್ಟು ಹೊತ್ತು ಹಾರಿದ್ದೇವೆ ಎಂಬುದರಿಂದಲೇ ಆತ ತಾನಿರುವ ಸ್ಥಳವನ್ನು ಅಂದಾಜು ಮಾಡಬೇಕಿತ್ತು. ಆದ್ದರಿಂದಲೇ ಕಪ್ಪು ಡಯಲ್, ದೊಡ್ಡ ಬಿಳಿ ಅಂಕಿಗಳು, ಕತ್ತಲಲ್ಲಿ ಹೊಳೆಯುವ ಮುಳ್ಳುಗಳು ಈ ಶೈಲಿಯ ಲಕ್ಷಣಗಳಾದವು. 1950ರ ದಶಕದಲ್ಲಿ ಫ್ರಾನ್ಸ್ ತನ್ನ ಸೇನಾ ವಿಮಾನ ಚಾಲಕರಿಗಾಗಿ ರೂಪಿಸಿದ ‘ಟೈಪ್ 20’ ಎಂಬ ನಿರ್ದಿಷ್ಟ ವಿವರಣೆಯಲ್ಲಿ ಇನ್ನೊಂದು ಷರತ್ತೂ ಇತ್ತು. ಮುಳ್ಳು ಓಡುತ್ತಿರುವಾಗಲೇ ಕೆಳಗಿನ ಗುಂಡಿಯನ್ನು ಒಮ್ಮೆ ಒತ್ತಿದರೆ ಅದು ಶೂನ್ಯಕ್ಕೆ ಬಂದು ತಕ್ಷಣ ಮತ್ತೆ ಓಡಬೇಕು. ಇದಕ್ಕೆ ‘ಫ್ಲೈಬ್ಯಾಕ್’ ಎಂದು ಹೆಸರು.

ಇಂದಿನ ಅಗ್ಗದ ಮಾದರಿಗಳು ಟೈಪ್ 20ರ ಮುಖವನ್ನು ಮಾತ್ರ ಅನುಕರಿಸುತ್ತವೆ. ಫ್ಲೈಬ್ಯಾಕ್ ಸೌಲಭ್ಯ ಅವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದು ಮೋಸವಲ್ಲ. ಆದರೆ ‘ಶೈಲಿ’ ಎಂಬ ಪದಕ್ಕೂ ‘ಕಾರ್ಯ’ ಎಂಬ ಪದಕ್ಕೂ ಇರುವ ವ್ಯತ್ಯಾಸವನ್ನು ಖರೀದಿದಾರನು ಅರಿತಿರಬೇಕು. ಫ್ಲೈಬ್ಯಾಕ್ ಇಲ್ಲದ ಯಾಂತ್ರಿಕ ಗಡಿಯಾರದಲ್ಲಿ ಮುಳ್ಳು ಓಡುತ್ತಿರುವಾಗ ಶೂನ್ಯದ ಗುಂಡಿಯನ್ನು ಒತ್ತಬಾರದು.

ಸಣ್ಣ ತಯಾರಕನ ವ್ಯವಹಾರ ಕ್ರಮ

ಸಣ್ಣ ತಯಾರಕನು ಗಡಿಯಾರದ ಎಲ್ಲ ಭಾಗಗಳನ್ನೂ ತಾನೇ ತಯಾರಿಸುವುದಿಲ್ಲ. ವಿನ್ಯಾಸ ಅವನದು. ಒಳಗಿನ ಯಂತ್ರವನ್ನು ದೊಡ್ಡ ಕಾರ್ಖಾನೆಯಿಂದ ಕೊಳ್ಳುತ್ತಾನೆ. ಕೇಸ್, ಡಯಲ್ ಮತ್ತು ಮುಳ್ಳುಗಳನ್ನು ಗುತ್ತಿಗೆಗೆ ಮಾಡಿಸಿ, ಜೋಡಿಸಿ, ತಪಾಸಣೆ ನಡೆಸಿ ಮಾರುತ್ತಾನೆ. ಅಂಗಡಿ ಬಾಡಿಗೆ, ವಿತರಕರ ಕಮಿಷನ್, ಭಾರಿ ಜಾಹೀರಾತು ಇಲ್ಲದಿರುವುದೇ ಕಡಿಮೆ ಬೆಲೆಯ ಗುಟ್ಟು. ಅನೇಕ ಸಲ ದುಡಿಯುವ ಬಂಡವಾಳವೂ ಖರೀದಿದಾರರ ಮುಂಗಡದಿಂದಲೇ ಬರುತ್ತದೆ. ಫ್ರಾನ್ಸಿನ ಬಾಲ್ಟಿಕ್ ಎಂಬ ಸಂಸ್ಥೆ 2017ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಸಾರ್ವಜನಿಕರಿಂದ ಮುಂಗಡ ಪಡೆದೇ ತನ್ನ ಮೊದಲ ಗಡಿಯಾರಗಳನ್ನು ತಂದಿತು. ಅವುಗಳಲ್ಲಿ ಒಂದು, ಚೀನಾದ ಯಂತ್ರವುಳ್ಳ ಕೈಗೆಟುಕುವ ಕ್ರೋನೊಗ್ರಾಫ್.

ಈ ಕ್ರಮದ ದೌರ್ಬಲ್ಯ ಪೂರೈಕೆಯಲ್ಲಿದೆ. ಸ್ವಿಟ್ಜರ್ಲೆಂಡಿನ ಸ್ವಾಚ್ ಸಮೂಹಕ್ಕೆ ಸೇರಿದ ಇಟಿಎ ಕಂಪನಿ, ಹೊರಗಿನ ತಯಾರಕರಿಗೆ ಕೊಡುವ ಯಂತ್ರಭಾಗಗಳ ಪೂರೈಕೆಯನ್ನು ಕಡಿತಗೊಳಿಸುವುದಾಗಿ 2002ರಲ್ಲಿ ಪ್ರಕಟಿಸಿತು. ಇದರಿಂದ ಅನೇಕ ಕಂಪನಿಗಳು ಕಂಗಾಲಾದವು. ಅಲ್ಲಿನ ಸ್ಪರ್ಧಾ ಆಯೋಗ ಮಧ್ಯೆ ಪ್ರವೇಶಿಸಬೇಕಾಯಿತು. 2013ರ ಒಪ್ಪಂದದಂತೆ ಕಡಿತವು ಹಂತಹಂತವಾಗಿ ನಡೆಯಿತು. ಈ ಅವಧಿಯಲ್ಲಿ ಸೆಲ್ಲಿಟಾ ಎಂಬ ಕಂಪನಿ ಅದೇ ಅಳತೆಯ ಯಂತ್ರಗಳನ್ನು ತಯಾರಿಸಿ ಮಾರುಕಟ್ಟೆಯನ್ನು ಹಿಡಿಯಿತು. ಒಬ್ಬನೇ ಪೂರೈಕೆದಾರನನ್ನು ನೆಚ್ಚಿದ ಸಣ್ಣ ಉದ್ಯಮಕ್ಕೆ ಒದಗುವ ಅಪಾಯಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಒಳಗಿನ ಯಂತ್ರ: ಮೂರು ವರ್ಗಗಳು

ಬೆಲೆಯ ಮುಖ್ಯ ಪಾಲು ಒಳಗಿನ ಯಂತ್ರದಿಂದ ನಿರ್ಧಾರವಾಗುತ್ತದೆ. ಸಣ್ಣ ತಯಾರಕರ ಕ್ರೋನೊಗ್ರಾಫ್‌ಗಳಲ್ಲಿ ಸಾಮಾನ್ಯವಾಗಿ ಕಾಣುವವು ಮೂರು.

1. ಸೀಕೊ ವಿಕೆ 63 ಮತ್ತು ವಿಕೆ 64: ಇವು ಬ್ಯಾಟರಿಯಿಂದ ನಡೆಯುತ್ತವೆ. ಸಮಯ ಕ್ವಾರ್ಟ್ಜ್‌ನಿಂದ, ಕ್ರೋನೊಗ್ರಾಫ್ ಭಾಗ ಮಾತ್ರ ಯಾಂತ್ರಿಕ ರಚನೆಯದು. ಮುಳ್ಳು ಸೆಕೆಂಡಿಗೆ 5 ಹೆಜ್ಜೆ ಇಟ್ಟು, ಶೂನ್ಯದ ಗುಂಡಿ ಒತ್ತಿದೊಡನೆ ತಟ್ಟನೆ ಹಿಂದಿರುಗುತ್ತದೆ. ನಿಖರತೆ ಹೆಚ್ಚು, ನಿರ್ವಹಣೆ ಕಡಿಮೆ. ಯಂತ್ರ ಕೆಟ್ಟರೆ ದುರಸ್ತಿಗಿಂತ ಇಡೀ ಯಂತ್ರವನ್ನು ಬದಲಿಸುವುದೇ ಅಗ್ಗ.

2. ಸೀಗಲ್ ಎಸ್‌ಟಿ 19: ಕೀ ಕೊಡುವ ಯಾಂತ್ರಿಕ ಗಡಿಯಾರ. ಇದಕ್ಕೆ ನಿಜವಾದ ವೈಮಾನಿಕ ಹಿನ್ನೆಲೆಯಿದೆ. 1961ರಲ್ಲಿ ಚೀನಾ ತನ್ನ ವಾಯುಪಡೆಗೆ ಕ್ರೋನೊಗ್ರಾಫ್ ತಯಾರಿಸುವ ಕೆಲಸವನ್ನು ತ್ಯಾಂಜಿನ್ ಗಡಿಯಾರ ಕಾರ್ಖಾನೆಗೆ ವಹಿಸಿತು. ಸ್ವಿಟ್ಜರ್ಲೆಂಡಿನ ವೀನಸ್ 175 ಎಂಬ ಯಂತ್ರದ ತಯಾರಿಕಾ ಉಪಕರಣಗಳನ್ನು ಪಡೆದು, ಅದರ ಆಧಾರದ ಮೇಲೆ ಈ ಕೆಲಸ ನಡೆಯಿತು. ಇಂದಿನ ಎಸ್‌ಟಿ 19 ಅದೇ ವಂಶದ್ದು. ಗಂಟೆಗೆ 21,600, ಅಂದರೆ ಸೆಕೆಂಡಿಗೆ 6 ಬಡಿತ. ಕ್ರೋನೊಗ್ರಾಫ್‌ನ ಚಲನೆಯನ್ನು ನಿಯಂತ್ರಿಸಲು ದುಬಾರಿ ಗಡಿಯಾರಗಳಲ್ಲಿರುವಂತಹ ಕಾಲಂ ವ್ಹೀಲ್ ಇದರಲ್ಲಿದೆ. ಆದರೆ ಪ್ರತಿಯೊಂದು ಗಡಿಯಾರವನ್ನೂ ಜೋಡಿಸಿದ ನಂತರ ಎಷ್ಟು ಶ್ರದ್ಧೆಯಿಂದ ಹೊಂದಿಸಿದ್ದಾರೆ ಎಂಬುದರ ಮೇಲೆ ಗುಣಮಟ್ಟ ನಿಂತಿದೆ.

3. ವಾಲ್‌ಜೂ 7750 ಮತ್ತು ಸೆಲ್ಲಿಟಾ ಎಸ್‌ಡಬ್ಲ್ಯು 500: ಕೈಯ ಚಲನೆಯಿಂದ ತಾನೇ ಕೀ ತುಂಬಿಕೊಳ್ಳುವ ಸ್ವಿಸ್ ಯಂತ್ರಗಳು. ಗಂಟೆಗೆ 28,800 ಬಡಿತ. 7750 ರೂಪುಗೊಂಡದ್ದು 1970ರ ದಶಕದ ಆರಂಭದಲ್ಲಿ. ದೃಢವಾದವು, ಬಲ್ಲ ಕುಶಲಕರ್ಮಿಗಳೂ ಹೆಚ್ಚು. ಆದರೆ ಇವು ಬಂದೊಡನೆ ಬೆಲೆ ‘ಕೈಗೆಟುಕುವ’ ಮಿತಿಯನ್ನು ದಾಟುತ್ತದೆ.

ಮಾರಾಟಗಾರನು ಯಂತ್ರದ ಹೆಸರನ್ನೂ ಸಂಖ್ಯೆಯನ್ನೂ ಸ್ಪಷ್ಟವಾಗಿ ಹೇಳದೆ ‘ಉತ್ತಮ ವಿದೇಶಿ ಯಂತ್ರ’ ಎಂದಷ್ಟೇ ಬರೆದಿದ್ದರೆ ಅಂತಹ ಗಡಿಯಾರವನ್ನು ಕೊಳ್ಳದಿರುವುದು ಲೇಸು. ‘ಸ್ವಿಸ್ ಮೇಡ್’ ಎಂಬ ಬರಹಕ್ಕೆ ಕಾನೂನಿನ ಅರ್ಥವಿದೆ. 2017ರ ಜನವರಿ 1ರಿಂದ ತಯಾರಿಕಾ ವೆಚ್ಚದ ಕನಿಷ್ಠ ಶೇ. 60 ಭಾಗ ಸ್ವಿಟ್ಜರ್ಲೆಂಡಿನಲ್ಲಿ ಆಗಿರಬೇಕು. ‘ಸ್ವಿಸ್ ಯಂತ್ರ’ ಎಂಬುದು ಬೇರೆ ಮಾತು.

ಮನೆ ಬಾಗಿಲಿಗೆ ಬಂದಾಗಿನ ಬೆಲೆ

ವಿದೇಶಿ ಮಾರಾಟಗಾರನು ತೋರಿಸುವ ಬೆಲೆಯಲ್ಲಿ ನಮ್ಮ ದೇಶದ ಸುಂಕ ಮತ್ತು ತೆರಿಗೆ ಸೇರಿರುವುದಿಲ್ಲ. 2018ರ ಕೇಂದ್ರ ಬಜೆಟ್‌ನಲ್ಲಿ ಕೈಗಡಿಯಾರಗಳ ಮೂಲ ಸೀಮಾಸುಂಕವನ್ನು ಶೇ. 10ರಿಂದ ಶೇ. 20ಕ್ಕೆ ಏರಿಸಲಾಯಿತು. ಆ ದರವನ್ನೇ ಆಧಾರವಾಗಿಟ್ಟು, ಸಾಗಣೆ ಮತ್ತು ವಿಮೆ ಸೇರಿ ರೂ. 20,000 ಮೌಲ್ಯದ ಗಡಿಯಾರದ ಲೆಕ್ಕ ಹೀಗಾಗುತ್ತದೆ:

ಆಮದು ಮೌಲ್ಯ: ರೂ. 20,000
ಮೂಲ ಸೀಮಾಸುಂಕ ಶೇ. 20: ರೂ. 4,000
ಸುಂಕದ ಮೇಲೆ ಸಮಾಜ ಕಲ್ಯಾಣ ಸರ್‌ಚಾರ್ಜ್ ಶೇ. 10: ರೂ. 400
ಉಪಮೊತ್ತ: ರೂ. 24,400
ಉಪಮೊತ್ತದ ಮೇಲೆ ಐಜಿಎಸ್‌ಟಿ ಶೇ. 18: ರೂ. 4,392
ಒಟ್ಟು: ರೂ. 28,792

ಅಂದರೆ ತೋರಿಸಿದ ಬೆಲೆಯ ಮೇಲೆ ಸುಮಾರು ಶೇ. 44 ಹೆಚ್ಚು. ಕೊರಿಯರ್ ಸಂಸ್ಥೆಯ ತೆರವು ಶುಲ್ಕ ಪ್ರತ್ಯೇಕ. ಇದು ಲೆಕ್ಕದ ಕ್ರಮವನ್ನು ತೋರಿಸಲು ಕೊಟ್ಟ ಉದಾಹರಣೆ. ಆಮದಿನ ವಿಧಾನ, ವರ್ಗೀಕರಣ ಮತ್ತು ಮೂಲ ದೇಶವನ್ನು ಅವಲಂಬಿಸಿ ದರ ಬದಲಾಗುತ್ತದೆ. ಸ್ವಿಟ್ಜರ್ಲೆಂಡ್ ಒಳಗೊಂಡ ಎಫ್ಟಾ ರಾಷ್ಟ್ರಗಳೊಂದಿಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿದ್ದು, ಸ್ವಿಸ್ ಮೂಲದ ಗಡಿಯಾರಗಳ ಸುಂಕವನ್ನು ಹಂತಹಂತವಾಗಿ ಇಳಿಸುವ ವ್ಯವಸ್ಥೆ ಅದರಲ್ಲಿದೆ. ಆದ್ದರಿಂದ ಆರ್ಡರ್ ಮಾಡುವ ದಿನದ ದರವನ್ನು ವಿಚಾರಿಸಿಯೇ ಮುಂದುವರಿಯಬೇಕು. ಕೆಲವು ಮಾರಾಟಗಾರರು ಪೊಟ್ಟಣದ ಮೇಲೆ ಕಡಿಮೆ ಮೌಲ್ಯ ಬರೆಯುವುದಾಗಿ ಹೇಳುತ್ತಾರೆ. ಅದಕ್ಕೆ ಒಪ್ಪುವುದು ಕಾನೂನುಬಾಹಿರ. ಅಲ್ಲದೆ ಮಾಲು ಕಳೆದುಹೋದಾಗ ವಿಮೆಯ ಪರಿಹಾರವೂ ಬರೆದ ಮೌಲ್ಯಕ್ಕೇ ಸೀಮಿತವಾಗುತ್ತದೆ.

ಹತ್ತು ವರ್ಷಗಳ ವೆಚ್ಚ

ಈಗ ಎರಡು ಗಡಿಯಾರಗಳನ್ನು ಕಲ್ಪಿತ ಅಂಕಿಗಳಿಂದ ಹೋಲಿಸಬಹುದು. ಮೊದಲನೆಯದು ಬ್ಯಾಟರಿಯದು: ಕೈಸೇರಿದ ಬೆಲೆ ರೂ. 14,000, ಹತ್ತು ವರ್ಷಗಳಲ್ಲಿ ಮೂರು ಬ್ಯಾಟರಿಗಳಿಗೆ ರೂ. 1,200, ನೀರು ತಡೆಯುವ ವಾಷರ್ ಬದಲಾವಣೆಗೆ ರೂ. 800, ಕೊನೆಗೆ ಮಾರಿದರೆ ರೂ. 2,000. ನಿವ್ವಳ ವೆಚ್ಚ ರೂ. 14,000, ಅಂದರೆ ವರ್ಷಕ್ಕೆ ರೂ. 1,400. ಎರಡನೆಯದು ಮೇಲೆ ಲೆಕ್ಕ ಹಾಕಿದ ಕೀ ಗಡಿಯಾರ: ಬೆಲೆ ರೂ. 28,792, ಎರಡು ಬಾರಿ ಪೂರ್ಣ ಸರ್ವಿಸ್‌ಗೆ ರೂ. 10,000, ಮಾರಿದರೆ ರೂ. 8,792. ನಿವ್ವಳ ರೂ. 30,000, ವರ್ಷಕ್ಕೆ ರೂ. 3,000.

ಎರಡನೆಯದನ್ನು ಕೊಳ್ಳಬಾರದೆಂದು ಇದರ ಅರ್ಥವಲ್ಲ. ಯಂತ್ರದ ಮೇಲಿನ ಪ್ರೀತಿಗೆ ವರ್ಷಕ್ಕೆ ರೂ. 1,600 ಹೆಚ್ಚು ತೆರುತ್ತಿದ್ದೇನೆ ಎಂಬುದು ಖರೀದಿದಾರನಿಗೆ ತಿಳಿದಿದ್ದರೆ ಸಾಕು. ಕ್ರೋನೊಗ್ರಾಫ್‌ನ ಸರ್ವಿಸ್, ಸಾಮಾನ್ಯ ಮೂರು ಮುಳ್ಳಿನ ಗಡಿಯಾರದ ಸರ್ವಿಸ್‌ಗಿಂತ ದುಬಾರಿ. ಆ ಕೆಲಸ ಬಲ್ಲವರು ಊರಿನಲ್ಲಿ ಇದ್ದಾರೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಬೇಕು.

ಮುಂಗಡ ಹಣ: ಭದ್ರತೆಯಿಲ್ಲದ ಸಾಲ

ಆರು ತಿಂಗಳ ನಂತರ ಬರುವ ಗಡಿಯಾರಕ್ಕೆ ಇಂದು ಪೂರ್ಣ ಹಣ ಕೊಡುವವನು, ಲೆಕ್ಕಶಾಸ್ತ್ರದ ದೃಷ್ಟಿಯಲ್ಲಿ ಭದ್ರತೆಯಿಲ್ಲದ ಸಾಲಗಾರನಿಗೆ ಬಡ್ಡಿಯಿಲ್ಲದೆ ಹಣ ಒದಗಿಸಿದವನೇ ಸರಿ. ತಯಾರಕನ ಪುಸ್ತಕದಲ್ಲಿ ಆ ಮೊತ್ತ ಹೊಣೆಗಾರಿಕೆಯಾಗಿ ನಿಲ್ಲುತ್ತದೆ. ಸಂಸ್ಥೆ ದಿವಾಳಿಯಾದರೆ ಭದ್ರತೆಯುಳ್ಳ ಸಾಲದಾತರ ನಂತರವೇ ಮುಂಗಡ ಕೊಟ್ಟವರ ಸರದಿ.

ಆದ್ದರಿಂದ ಸಂಸ್ಥೆಯ ಕಾನೂನುಬದ್ಧ ಹೆಸರು ಮತ್ತು ವಿಳಾಸ, ಹಿಂದಿನ ತಂಡಗಳನ್ನು ಹೇಳಿದ ಅವಧಿಯಲ್ಲಿ ತಲುಪಿಸಿದ ದಾಖಲೆ, ಹಣ ವಾಪಸಾತಿಯ ಲಿಖಿತ ಷರತ್ತು, ಇವನ್ನು ನೋಡಬೇಕು. ನೇರ ಬ್ಯಾಂಕ್ ವರ್ಗಾವಣೆಗಿಂತ ಕ್ರೆಡಿಟ್ ಕಾರ್ಡ್ ಮೇಲು. ಮಾಲು ಬಾರದಿದ್ದಲ್ಲಿ ಬ್ಯಾಂಕಿನ ಮೂಲಕ ತಕರಾರು ಸಲ್ಲಿಸಲು ಅವಕಾಶವಿರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಗ್ರಾಹಕನು ತಾನು ವಾಸಿಸುವ ಸ್ಥಳದಲ್ಲಿಯೇ ದೂರು ದಾಖಲಿಸಬಹುದು. ಆದರೆ ಹೊರದೇಶದಲ್ಲಷ್ಟೇ ಇರುವ ಮಾರಾಟಗಾರನಿಂದ ಹಣ ವಸೂಲು ಮಾಡುವುದು ಸುಲಭವಲ್ಲ.

ಗ್ಯಾರಂಟಿಯ ಷರತ್ತುಗಳನ್ನೂ ಓದಬೇಕು. ದುರಸ್ತಿಗೆ ಗಡಿಯಾರವನ್ನು ವಿದೇಶಕ್ಕೆ ಕಳುಹಿಸುವ ವೆಚ್ಚ ಯಾರದು? ದುರಸ್ತಿಗಾಗಿ ಕಳುಹಿಸಿದ್ದಕ್ಕೆ ಸರಿಯಾದ ಕಾಗದಪತ್ರಗಳಿಲ್ಲದಿದ್ದರೆ ಹಿಂದಿರುಗುವಾಗ ಮತ್ತೊಮ್ಮೆ ಸುಂಕ ಕೇಳುವ ಸಂಭವವುಂಟು.

ಸಂಸ್ಥೆಯ ಲೆಕ್ಕದಲ್ಲಿ ಖರೀದಿ

ಮಾಲೀಕನ ಸ್ವಂತ ಉಪಯೋಗದ ಗಡಿಯಾರವನ್ನು ಸಂಸ್ಥೆಯ ಖರ್ಚೆಂದು ಬರೆಯುವಂತಿಲ್ಲ. ಅದನ್ನು ಮಾಲೀಕನ ಹಿಂತೆಗೆತ ಖಾತೆಗೆ ಹಾಕಬೇಕು. ಸ್ವಂತ ಬಳಕೆಯ ವಸ್ತುವಿನ ಮೇಲೆ ಹೂಡುವಳಿ ತೆರಿಗೆ ಜಮಾ ಸಿಗುವುದಿಲ್ಲ. ಉಡುಗೊರೆಯಾಗಿ ಹಂಚಿದ ವಸ್ತುಗಳಿಗೂ ಜಿಎಸ್‌ಟಿ ಕಾಯ್ದೆ ಆ ಜಮಾವನ್ನು ತಡೆದಿದೆ. ಡೀಲರುಗಳಿಗೆ ಇಂತಹ ಗಡಿಯಾರಗಳನ್ನು ಕೊಡುವ ಸಂಸ್ಥೆಗಳು, 2022ರ ಜುಲೈ 1ರಿಂದ ಜಾರಿಗೆ ಬಂದ ಮೂಲದಲ್ಲೇ ತೆರಿಗೆ ಕಡಿತದ ನಿಯಮವನ್ನೂ ಗಮನಿಸಬೇಕು. ವ್ಯವಹಾರದ ಸಂಬಂಧದಿಂದ ಒಬ್ಬ ನಿವಾಸಿಗೆ ವರ್ಷದಲ್ಲಿ ಕೊಟ್ಟ ಲಾಭ ರೂ. 20,000 ಮೀರಿದರೆ, ನಿಯಮದ ಷರತ್ತುಗಳಿಗೆ ಒಳಪಟ್ಟು ಶೇ. 10ರ ಕಡಿತ ಅನ್ವಯಿಸುತ್ತದೆ.

ತಯಾರಕನು ಬಾಗಿಲು ಹಾಕಿದರೆ?

ಈ ಪ್ರಶ್ನೆಗೆ ಉತ್ತರ ಬೆಂಗಳೂರಿನಲ್ಲಿಯೇ ಇದೆ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಇಲ್ಲಿ ಕೈಗಡಿಯಾರ ಕಾರ್ಖಾನೆ ಆರಂಭಿಸಿತು. ಅದರ ‘ಪೈಲಟ್’ ಎಂಬ ಮಾದರಿ ಕ್ರೋನೊಗ್ರಾಫ್ ಆಗಿರಲಿಲ್ಲ. 17 ಜ್ಯುವೆಲ್‌ಗಳ ಸರಳ ಕೀ ಗಡಿಯಾರ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಆದರೂ ಆ ಗಡಿಯಾರಗಳು ಇಂದಿಗೂ ಅನೇಕರ ಕೈಯಲ್ಲಿ ಓಡುತ್ತಿವೆ. ಕಾರಣ ಸರಳ. ಅದೇ ಬಗೆಯ ಯಂತ್ರ ಅನೇಕ ಮಾದರಿಗಳಲ್ಲಿ ಅಪಾರ ಸಂಖ್ಯೆಯಲ್ಲಿ ತಯಾರಾಗಿತ್ತು, ಅದನ್ನು ಬಲ್ಲ ರಿಪೇರಿಗಾರರು ಊರೂರಿನಲ್ಲಿದ್ದರು, ಹಳೆಯ ಗಡಿಯಾರಗಳಿಂದ ಬಿಡಿಭಾಗಗಳೂ ಸಿಗುತ್ತವೆ.

ಸಣ್ಣ ತಯಾರಕನ ವಿಷಯದಲ್ಲಿ ಇದೇ ಪ್ರಮುಖ ಸೂತ್ರ. ಸಂಸ್ಥೆ ಹತ್ತು ವರ್ಷ ಬಾಳುತ್ತದೆಯೇ ಎಂದು ಯಾರೂ ಹೇಳಲಾರರು. ಆದರೆ ಒಳಗಿನ ಯಂತ್ರ ಎಲ್ಲೆಡೆ ಸಿಗುವಂಥದ್ದಾದರೆ, ತಯಾರಕನು ಇಲ್ಲವಾದರೂ ಗಡಿಯಾರ ಉಳಿಯುತ್ತದೆ.

ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

1. ಯಂತ್ರದ ಹೆಸರು ಮತ್ತು ಸಂಖ್ಯೆ ಲಿಖಿತವಾಗಿ ಇದೆಯೇ?
2. ಸುಂಕ, ತೆರಿಗೆ ಸೇರಿದ ಒಟ್ಟು ಬೆಲೆ ಲೆಕ್ಕ ಹಾಕಲಾಗಿದೆಯೇ?
3. ಗಾಜು ನೀಲಮಣಿ ಗಾಜೇ, ಸಾಮಾನ್ಯ ಖನಿಜ ಗಾಜೇ, ಪ್ಲಾಸ್ಟಿಕ್ಕೇ?
4. ನೀರು ತಡೆಯುವ ಮಟ್ಟವೆಷ್ಟು? 30 ಮೀಟರ್ ಎಂಬ ಬರಹ ಈಜಲು ಕೊಟ್ಟ ಅನುಮತಿಯಲ್ಲ. ಯಾವ ಮಟ್ಟವಿದ್ದರೂ ನೀರಿನಲ್ಲಿ ಗುಂಡಿಗಳನ್ನು ಒತ್ತಬಾರದು.
5. ಬಿಡಿಭಾಗಗಳನ್ನು ಎಷ್ಟು ವರ್ಷ ಒದಗಿಸುವ ಭರವಸೆಯಿದೆ?
6. ಮುಂಗಡದ ಮೊತ್ತ, ಕಳೆದುಕೊಂಡರೂ ವ್ಯವಹಾರಕ್ಕೆ ಪೆಟ್ಟಾಗದಷ್ಟೇ ಇದೆಯೇ?

ಗಡಿಯಾರ ಬಂದ ದಿನವೇ ಕ್ರೋನೊಗ್ರಾಫನ್ನು ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಶೂನ್ಯಕ್ಕೆ ತಂದು, ಮುಳ್ಳು ನೇರವಾಗಿ 12ರ ಗುರುತಿನ ಮೇಲೆ ನಿಲ್ಲುತ್ತದೆಯೇ ಎಂದು ನೋಡಬೇಕು. ನಂತರ ಒಂದು ವಾರ ದಿನನಿತ್ಯದ ವ್ಯತ್ಯಾಸವನ್ನು ಬರೆದಿಡಬೇಕು. ದೋಷವಿದ್ದರೆ ವಾಪಸಾತಿಯ ಅವಧಿ ಮುಗಿಯುವ ಮುನ್ನ ಲಿಖಿತವಾಗಿ ತಿಳಿಸಬೇಕು. ಬಿಲ್ಲು, ಸುಂಕದ ರಸೀದಿ ಮತ್ತು ಗ್ಯಾರಂಟಿ ಪತ್ರಗಳನ್ನು ಗಡಿಯಾರದ ಪೆಟ್ಟಿಗೆಯಲ್ಲಿಯೇ ಇಟ್ಟರೆ, ಮುಂದೆ ದುರಸ್ತಿಗೂ ಮರುಮಾರಾಟಕ್ಕೂ ಅವೇ ಆಧಾರವಾಗುತ್ತವೆ.