ಟಿವಿಗೆ ಬೇಗ ಬಂದ ಹಣ ಶೌಚಾಲಯಕ್ಕೆ ಏಕೆ ಬರಲಿಲ್ಲ?

ಪ್ರಶ್ನೆ: ನಮ್ಮೂರ ಸರ್ಕಾರಿ ಶಾಲೆಗೆ ಸ್ಮಾರ್ಟ್ ಟಿವಿ ಕೊಡಿಸಲು ಹಳೆಯ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಪಟ್ಟಿ ಹಾಕಿದೆವು. ಹಣ ಬೇಗ ಕೂಡಿತು. ಶೌಚಾಲಯದ ದುರಸ್ತಿಗೆ ಕೇಳಿದರೆ ಅರ್ಧಕ್ಕೇ ನಿಂತಿದೆ. ಕೊಡುವವರು ಅವರೇ ಅಲ್ಲವೇ, ಹೀಗೇಕೆ?
– ಓದುಗರೊಬ್ಬರು, ಅನಂತಪುರ, ಅಥಣಿ ತಾಲ್ಲೂಕು

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಅದೇ ಜನ ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಸುಮ್ಮನಾದರೆ ಗೊಂದಲವಾಗುವುದು ಸಹಜ. ಆದರೆ ಇದು ನಿಮ್ಮೂರಿನಲ್ಲಿ ಮಾತ್ರ ಕಾಣುವ ಸಂಗತಿಯಲ್ಲ.

ತರಗತಿಗಳಿಗೆ ಜನರಿಂದ ಹಣ ಕೂಡಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದು, ಅದರ ಲೆಕ್ಕವೂ ಅಧ್ಯಯನಕ್ಕೆ ಸಿಕ್ಕಿದ್ದು ಅಮೆರಿಕದಲ್ಲಿ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಶಿಕ್ಷಕರಾಗಿದ್ದ ಚಾರ್ಲ್ಸ್ ಬೆಸ್ಟ್ 2000ದಲ್ಲಿ ‘ಡೋನರ್ಸ್‌ಚೂಸ್’ ಸಂಸ್ಥೆ ಆರಂಭಿಸಿದರು. ಶಿಕ್ಷಕರು ತಮ್ಮ ತರಗತಿಗೆ ಬೇಕಾದ ವಸ್ತುವನ್ನು ಬೆಲೆಸಮೇತ ತಿಳಿಸುತ್ತಾರೆ. ದಾನಿಗಳು ತಮಗೆ ಸರಿಕಂಡ ಬೇಡಿಕೆಗೆ ಕೊಡುತ್ತಾರೆ. ಮೊತ್ತ ಭರ್ತಿಯಾದ ಮೇಲೆ ಸಂಸ್ಥೆ ನಗದು ಕೊಡುವುದಿಲ್ಲ, ಸಾಮಾನನ್ನೇ ಕೊಂಡು ಶಾಲೆಗೆ ಕಳಿಸುತ್ತದೆ.

ಈ ಸಂಸ್ಥೆಯ ದೇಣಿಗೆ ದಾಖಲೆಗಳನ್ನು ಪರಿಶೀಲಿಸಿದ ರಿಕ್ ವಾಶ್ ಎಂಬ ಸಂಶೋಧಕರು 2013ರಲ್ಲಿ ಒಂದು ಅಂಶ ತೋರಿಸಿದರು: ಬೇಡಿಕೆಯನ್ನು ಪೂರ್ತಿಗೊಳಿಸುವ ದೇಣಿಗೆ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ. ಕೆಲಸ ಮುಗಿಸಿಕೊಟ್ಟ ತೃಪ್ತಿಯನ್ನು ದಾನಿ ಬಯಸುತ್ತಾನೆ. ಟಿವಿಗೆ ಒಂದೇ ಬೆಲೆ, ತಂದು ಗೋಡೆಗೆ ಹಾಕಿದರೆ ಮುಗಿಯಿತು. ನಮ್ಮ ಶಾಲೆಗಳ ಫ್ಯಾನು, ಗಡಿಯಾರಗಳ ಮೇಲೆ ದಾನಿಗಳ ಹೆಸರು ಅಷ್ಟೊಂದು ಕಾಣುವುದಕ್ಕೂ ಇದೇ ಕಾರಣವೆಂದು ನನ್ನ ಎಣಿಕೆ. ಶೌಚಾಲಯದ ದುರಸ್ತಿ ಹಾಗಲ್ಲ. ಎಷ್ಟು ಖರ್ಚು, ನೀರು ಎಲ್ಲಿಂದ, ನಾಳೆ ತೊಳೆಯುವವರು ಯಾರು ಎಂಬುದು ತಿಳಿಯದಿದ್ದಾಗ ಕೊಡುವ ಕೈ ಹಿಂಜರಿಯುತ್ತದೆ. ಅದನ್ನು ಜಿಪುಣತನ ಎನ್ನಬೇಡಿ.

ಆದ್ದರಿಂದ ಒಟ್ಟು ಮೊತ್ತ ಕೇಳುವ ಬದಲು ಬಾಗಿಲು, ಪೈಪು, ನೀರಿನ ಟ್ಯಾಂಕು ಎಂದು ಬಿಡಿಸಿ, ಒಂದೊಂದರ ಬೆಲೆ ಬರೆದು ಕೇಳಿ. ಇಲ್ಲೊಂದು ತಪ್ಪು ತಿಳಿವಳಿಕೆಯಿದೆ. ಎಷ್ಟು ಕೂಡಿದೆಯೆಂದು ಹೇಳಿದರೆ ಉಳಿದವರು ‘ಇನ್ನು ನಮ್ಮದೇಕೆ’ ಎಂದು ಬಿಡುತ್ತಾರೆಂದು ಹಲವರು ಲೆಕ್ಕ ಮುಚ್ಚಿಡುತ್ತಾರೆ. ವಾಶ್ ಅವರು ಕಂಡದ್ದು ಇದಕ್ಕೆ ವಿರುದ್ಧ. ಬಾಗಿಲಿಗೆ ಇನ್ನು ಇಷ್ಟೇ ಬೇಕೆಂದು ಸ್ಪಷ್ಟವಾಗಿ ಬರೆದರೆ, ಅದನ್ನು ತುಂಬುವವರು ಮುಂದೆ ಬರುವ ಸಾಧ್ಯತೆ ಹೆಚ್ಚು.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕಾದದ್ದು. ಅದೇ ಸಂಸ್ಥೆಯ ದಾನಿಗಳ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಮತ್ತೆ ಕೊಡಲು ಬರುವುದಿಲ್ಲ. ಸಕಾಲದಲ್ಲಿ ಕೃತಜ್ಞತೆ ಹೇಳಿ, ಹಣದಿಂದ ಏನಾಯಿತೆಂದು ವಿವರಿಸಿದಲ್ಲಿ ಮರಳಿ ಬರುವ ಸಂಭವ ಹೆಚ್ಚು. ಟಿವಿ ಕೊಡಿಸಿದವರಿಗೆ ಅದರಲ್ಲಿ ಯಾವ ಪಾಠ ನಡೆಯುತ್ತಿದೆಯೆಂದು ಯಾರಾದರೂ ಬರೆದಿದ್ದಾರೆಯೇ? ಇಲ್ಲವಾದರೆ ಶಿಕ್ಷಕರಿಂದ ನಾಲ್ಕು ಸಾಲು ಬರೆಸಿ, ಬಿಲ್ಲಿನ ಫೋಟೊ ಜೊತೆಗೆ ಕಳಿಸಿ.

ಕೇಳುವಾಗ ಒಂದು ಎಚ್ಚರ ಇರಲಿ. ದೇಣಿಗೆ ಬೇರೆ, ಕಡ್ಡಾಯ ವಂತಿಗೆ ಬೇರೆ. ಪಾಲಕರಿಂದ ತಿಂಗಳಿಗೆ 100 ರೂಪಾಯಿ ಪಡೆಯಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ (ಎಸ್‌ಡಿಎಂಸಿ) ಅವಕಾಶ ಕೊಟ್ಟ ಶಿಕ್ಷಣ ಇಲಾಖೆಯ 2022ರ ಅಕ್ಟೋಬರ್ ಸುತ್ತೋಲೆ, ಸ್ವಇಚ್ಛೆಯ ಮಾತಿದ್ದರೂ, ವಿರೋಧ ಬಂದು ಕೆಲವೇ ದಿನಗಳಲ್ಲಿ ರದ್ದಾಯಿತು. ಬಡ ಪಾಲಕರ ಮೇಲೆ ಒತ್ತಡ ಬೀಳಬಾರದು.

ಇಷ್ಟೆಲ್ಲ ಹೇಳಿದರೂ, ಶೌಚಾಲಯ ದಾನಿಗಳ ದಯೆಗೆ ಬಿಡುವ ವಿಷಯವಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಗಂಡು, ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಮತ್ತು ಕುಡಿಯುವ ನೀರು ಇರಲೇಬೇಕೆಂದಿದೆ. ಶಾಲಾ ಅಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರವೆಂದು ಈ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಎಸ್‌ಡಿಎಂಸಿಯ ಮುಂದಿನ ಸಭೆಯಲ್ಲಿ ದುರಸ್ತಿಯನ್ನು ಆ ಯೋಜನೆಗೆ ಸೇರಿಸಿ, ಠರಾವು ಮಾಡಿಸಿ, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.