ಪೆನ್ಸಿಲ್ಲಿನ ಚೀಟಿ

ಇರುವೆಗಳ ಅಧ್ಯಯನಕ್ಕೆ ಇಳಿದ ಮೂರನೆಯ ವರ್ಷ, ನನ್ನ ಕಪಾಟಿನಲ್ಲಿದ್ದ ಸೀಸೆಗಳಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬಾರದಂತಾದವು. ಇರುವೆಗಳೇನೂ ಕೆಟ್ಟಿರಲಿಲ್ಲ. ಶೇಕಡ 70ರ ಆಲ್ಕೋಹಾಲಿನಲ್ಲಿ ಕಾಲು, ಕುಡಿಮೀಸೆ, ಮೈಮೇಲಿನ ರೋಮದ ಸಮೇತ ಚೆನ್ನಾಗಿಯೇ ಇದ್ದವು. ಕೆಟ್ಟದ್ದು ಚೀಟಿಗಳು. ಬಾಲ್‌ಪೆನ್ನಿನಲ್ಲಿ ಬರೆದು ಸೀಸೆಯೊಳಗೆ ಹಾಕಿದ್ದೆ. ಶಾಯಿ ಕರಗಿ ಆಲ್ಕೋಹಾಲು ತಿಳಿನೀಲಿಯಾಗಿತ್ತು, ಕಾಗದ ಬೆಳ್ಳಗಾಗಿತ್ತು. ಆಗುಂಬೆಯದ್ದು ಯಾವುದು, ಚಿಂತಾಮಣಿಯದ್ದು ಯಾವುದು ಎಂದು ಹೇಳುವ ಬಗೆಯೇ ಇರಲಿಲ್ಲ. ಆ ದಿನ ಸಂಜೆಯಾದರೂ ಮೇಜು ಬಿಟ್ಟು ಏಳಲಿಕ್ಕೆ ಮನಸ್ಸಾಗಲಿಲ್ಲ.

ಭಾರತದಲ್ಲಿ 800ಕ್ಕೂ ಹೆಚ್ಚು ಬಗೆಯ ಇರುವೆಗಳಿವೆ. ಹೆಸರು ಗೊತ್ತಾಗದ ಇರುವೆಗೆ ಇಂದಲ್ಲ ನಾಳೆ ಹೆಸರು ಸಿಗುತ್ತದೆ. ಬಿಂಗ್‌ಹ್ಯಾಮ್ 1903ರಲ್ಲಿ ಪ್ರಕಟಿಸಿದ ಸಂಪುಟ ಇಂದಿಗೂ ನನ್ನ ಮೇಜಿನ ಮೇಲಿದೆ. ಬ್ಯಾರಿ ಬೋಲ್ಟನ್ 1994ರಲ್ಲಿ ಕೊಟ್ಟ ಕೈಪಿಡಿ ಹಿಡಿದು ಹೊರಟರೆ ಕುಲದವರೆಗಾದರೂ ತಲುಪಬಹುದು. ಆದರೆ ಊರು, ತಾರೀಖು ಕಳೆದುಕೊಂಡ ಇರುವೆಗೆ ಅವನ್ನು ಯಾರೂ ಮರಳಿ ಕೊಡಲಾರರು. ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಟಿ. ಎಂ. ಮುಸ್ತಾಕ್ ಅಲಿಯವರು 1990ರ ದಶಕದ ಆರಂಭದಲ್ಲಿ ಕರ್ನಾಟಕದ ಇರುವೆಗಳನ್ನು ಪಟ್ಟಿ ಮಾಡಿದ್ದು ನನ್ನಂಥವರಿಗೆಲ್ಲ ದಾರಿಯಾಯಿತು. ಅಂಥ ಪಟ್ಟಿಯ ಒಂದೊಂದು ಸಾಲಿನ ಹಿಂದೆಯೂ ಯಾರೋ ಮಣ್ಣಿನಲ್ಲಿ ಮಂಡಿಯೂರಿ ಬರೆದ ಒಂದೊಂದು ಚೀಟಿ ಇರುತ್ತದೆ. ನನ್ನ ಖಾಲಿ ಚೀಟಿಗಳನ್ನು ನೋಡಿದ ಹಿರಿಯ ಸಹೋದ್ಯೋಗಿಯೊಬ್ಬರು ಬೈಯಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು ಕೈಗಿಟ್ಟು, “ಇದು ಕರಗಲ್ಲಪ್ಪ” ಎಂದರು. ಅಷ್ಟೇ.

ಆಮೇಲಿನ ಚೀಟಿಗಳಲ್ಲಿ ಊರು, ತಾರೀಖು, ಹಿಡಿದವರ ಹೆಸರು ತಪ್ಪಲಿಲ್ಲ. ಆದರೂ ಒಂದು ಕೊರತೆ ಉಳಿದಿತ್ತು. ಅದನ್ನು ತೋರಿಸಿದವರು ಮುಳಬಾಗಿಲು ಕಡೆಯ ಒಬ್ಬ ಕುರಿ ಕಾಯುವ ಅಜ್ಜ.

ಅಲ್ಲಿನ ಹುಣಸೆತೋಪಿನಲ್ಲಿ ಡಯಾಕಾಮಾ ಎಂಬ ಇರುವೆಯ ಗೂಡುಗಳಿದ್ದವು. ದೊಡ್ಡ ಕರಿ ಇರುವೆಗಳಿಗೆಲ್ಲ ಗೊದ್ದ ಎನ್ನುವ ಊರು ಅದು; ಇದೂ ಅವರ ಬಾಯಲ್ಲಿ ಗೊದ್ದವೇ. ಗೂಡಿನ ಬಾಯಿಯ ಸುತ್ತ ಹಕ್ಕಿಪುಕ್ಕಗಳನ್ನು ತಂದು ಸಿಕ್ಕಿಸಿದ್ದವು. ನಾನು ದಿನಾ ಹತ್ತು ಗಂಟೆಗೆ ಹೋಗಿ ಪುಕ್ಕ ಎಣಿಸುತ್ತಿದ್ದೆ, ಅಳತೆ ಬರೆದುಕೊಳ್ಳುತ್ತಿದ್ದೆ. ಯಾಕೆ ತಂದಿವೆ ಎಂಬುದಕ್ಕೆ ಬಗೆಬಗೆಯ ಊಹೆಗಳನ್ನೂ ಬರೆದಿಟ್ಟಿದ್ದೆ. ನಾಲ್ಕನೆಯ ದಿನ ಅಜ್ಜ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, “ಈ ಹೊತ್ನಾಗೆ ಏನ್ ಕಾಣ್ತದೆ ಸ್ವಾಮಿ? ಹೊತ್ತು ಮೂಡೋಕ್ ಮುಂಚೆ ಬನ್ನಿ, ಪುಕ್ಕದ ಮ್ಯಾಲೆ ನೀರ್ ಕುಡೀತಾ ಇರ್ತವೆ” ಎಂದರು.

ಮರುದಿನ ನಸುಕಿಗೇ ಹೋದೆ. ಪುಕ್ಕದ ಎಳೆಎಳೆಗೂ ಇಬ್ಬನಿ ಕಟ್ಟಿತ್ತು. ಇರುವೆಗಳು ಒಂದೊಂದಾಗಿ ಹೊರಬಂದು ಹನಿಯನ್ನು ದವಡೆಯ ನಡುವೆ ಹಿಡಿದು ಒಳಗೊಯ್ಯುತ್ತಿದ್ದವು. ಬಿಸಿಲೇರುವುದರೊಳಗೆ ಎಲ್ಲ ಮುಗಿಯಿತು. ಮಾರ್ಕ್ ಮೊಫೆಟ್ ಎಂಬ ವಿಜ್ಞಾನಿ ಭಾರತದ ಇದೇ ಕುಲದ ಇರುವೆ ಹೀಗೆ ನೀರು ಸಂಪಾದಿಸುವುದನ್ನು 1985ರಲ್ಲೇ ಬರೆದಿದ್ದರು ಎಂದು ನನಗೆ ತಿಳಿದದ್ದು ಆಮೇಲೆ. ನನಗೆ ಮೊದಲು ಹೇಳಿದವರು ಅಜ್ಜನೇ. ಅಂದಿನಿಂದ ನನ್ನ ಚೀಟಿಯಲ್ಲಿ ತಾರೀಖಿನ ಪಕ್ಕ ಗಂಟೆಯೂ ಇರುತ್ತದೆ.

ಅದೇ ಗೂಡುಗಳಲ್ಲೊಂದನ್ನು ಅಗೆದು ಪ್ರಯೋಗಾಲಯಕ್ಕೆ ತಂದೆ. ಹೆಚ್ಚುಕಮ್ಮಿ ಅರವತ್ತು ಇರುವೆಗಳು, ಮೊಟ್ಟೆ, ಮರಿಹುಳು ಎಲ್ಲ ಬಂದವು. ರಾಣಿ ಮಾತ್ರ ಇಲ್ಲ. ಅಗೆಯುವಾಗ ಕೈತಪ್ಪಿತೆಂದುಕೊಂಡು ಇನ್ನೊಂದು ಗೂಡನ್ನು ಅಗೆದೆ. ಅಲ್ಲೂ ಇಲ್ಲ. ಮೂರನೆಯದನ್ನು ಸೊಂಟದಾಳ ಅಗೆದು ಹಾಳು ಮಾಡಿದೆ. ಆ ಗೂಡಿನ ನೆನಪು ಇವತ್ತಿಗೂ ಚುಚ್ಚುತ್ತದೆ. ಯಾಕೆಂದರೆ ಡಯಾಕಾಮಾದಲ್ಲಿ ರಾಣಿ ಎಂಬ ಜಾತಿಯೇ ಇಲ್ಲ. ಇರುವೆ ಎಂದರೆ ರಾಣಿ ಇರಲೇಬೇಕು ಎಂದು ಶಾಲೆಯಲ್ಲಿ ಕಲಿತದ್ದನ್ನು ನಾನು ಮಣ್ಣಿನಲ್ಲಿ ಹುಡುಕುತ್ತಿದ್ದೆ.

ಕೊನೆಗೆ ಅಗೆಯುವುದನ್ನು ಬಿಟ್ಟು ಬಣ್ಣ ಹಿಡಿದೆ. ಹಲ್ಲುಕಡ್ಡಿಯ ತುದಿಯಲ್ಲಿ ಒಂದೊಂದು ಇರುವೆಯ ಬೆನ್ನಿಗೂ ಬೇರೆಬೇರೆ ಬಣ್ಣದ ಚುಕ್ಕೆಯಿಟ್ಟು, ಗಾಜಿನ ಮೇಲೆ ಕೆಂಪು ಹಾಳೆ ಹೊದಿಸಿ ನೋಡುತ್ತ ಕೂತೆ. ಚುಕ್ಕೆ ಬಿದ್ದ ಮೇಲೆ ಗುಂಪು ಎನ್ನುವುದು ಮಾಯವಾಗಿ ಅರವತ್ತು ಜನ ಕಾಣತೊಡಗಿದರು. ಇರುವೆಯ ಹಾಗೆ ದುಡಿ ಎನ್ನುತ್ತೇವಲ್ಲ, ಹಳದಿ-ನೀಲಿ ಇಡೀ ಬೆಳಿಗ್ಗೆ ಮೂಲೆ ಬಿಟ್ಟು ಕದಲುತ್ತಿರಲಿಲ್ಲ. ಮೊಟ್ಟೆ ಇಡುತ್ತಿದ್ದುದು ಬಿಳಿ-ಬಿಳಿ ಒಂದೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಎದೆಯ ಇಕ್ಕೆಲದಲ್ಲಿ ರೆಕ್ಕೆಯ ಮೊಳಕೆಯಂಥ ಎರಡು ಪುಟ್ಟ ಗುಬುಟುಗಳಿದ್ದವು. ಉಳಿದವಕ್ಕೆ ಆ ಜಾಗದಲ್ಲಿ ಗಾಯದ ಗುರುತು ಮಾತ್ರ.

ಪ್ರತಿ ಹೆಣ್ಣು ಡಯಾಕಾಮಾವೂ ಆ ಗುಬುಟುಗಳ ಜೊತೆಗೇ ಹುಟ್ಟುತ್ತದೆ. ಹೊಸದಾಗಿ ಹೊರಬಂದ ಇರುವೆಯನ್ನು ಗೂಡಿನ ಉಳಿದವು ಹಿಡಿದು ಆ ಗುಬುಟುಗಳನ್ನು ಕಚ್ಚಿ ಕಿತ್ತುಬಿಡುತ್ತವೆ. ಕಿತ್ತಿಸಿಕೊಂಡದ್ದು ಮುಂದೆಂದೂ ಗಂಡಿನೊಡನೆ ಕೂಡುವುದಿಲ್ಲ. ಉಳಿಸಿಕೊಂಡ ಒಂದೇ ಒಂದು, ಗೂಡಿನ ತಾಯಿ. ಆಸ್ಟ್ರೇಲಿಯಾದ ಡಯಾಕಾಮಾದಲ್ಲಿ ಪೀಟರ್ಸ್ ಮತ್ತು ಹಿಗಾಶಿ 1989ರಲ್ಲೇ ಇದನ್ನು ವಿವರಿಸಿದ್ದರು. ಓದಿದ್ದೆ ಕೂಡ. ಆದರೆ ಓದಿದ್ದು ಕಣ್ಣಿಗೆ ಇಳಿದಿರಲಿಲ್ಲ. ಹಳೆಯ ಟಿಪ್ಪಣಿ ಪುಸ್ತಕ ತೆರೆದು ನೋಡಿದರೆ, ಮೊದಲ ಗೂಡಿನ ಒಂದು ಇರುವೆಯ ಮುಂದೆ ನನ್ನದೇ ಕೈಬರಹದಲ್ಲಿತ್ತು: ಎದೆಯ ಮೇಲೆ ಕೊಳೆ, ಅಳತೆಗೆ ಬೇಡ. ನಾನು ಹುಡುಕುತ್ತಿದ್ದ ತಾಯಿಯನ್ನು ನಾನೇ ಪಕ್ಕಕ್ಕಿಟ್ಟಿದ್ದೆ.

ಆಮೇಲೆ ನನ್ನ ವಿದ್ಯಾರ್ಥಿಗಳಿಗೆ ಮೊದಲ ತಿಂಗಳು ಯಾವ ಪ್ರಶ್ನೆಯನ್ನೂ ಕೊಡಲಿಲ್ಲ. ಒಂದು ಗೂಡು, ಒಂದು ಮಣೆ, ಒಂದು ಪುಸ್ತಕ. ಹೊಂದದ್ದನ್ನು ಹೊಡೆದುಹಾಕಬೇಡಿ, ಅದನ್ನೇ ಮೊದಲು ಬರೆಯಿರಿ ಎಂದೆ. ಕೆಲವರಿಗೆ ಬೇಸರವಾಗಿ ಬಿಟ್ಟುಹೋದರು. ಉಳಿದವರಲ್ಲಿ ಒಬ್ಬಳು ಮಲೆನಾಡಿನವಳು, ಚಗಳಿ ಇರುವೆಯ ಚಟ್ನಿ ತಿಂದು ಬೆಳೆದವಳು. ಚಗಳಿಗಳು ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಹಿಡಿದು, ಅವು ಬಿಡುವ ರೇಷ್ಮೆಯಿಂದ ಎಲೆಗೆ ಎಲೆ ಹೊಲಿಯುವುದನ್ನು ಅವಳು ಎಂಟನೆಯ ವಯಸ್ಸಿಗೇ ನೋಡಿದ್ದಳು. ಅವಳಿಗೆ ನಾನು ಕಲಿಸಬೇಕಾದದ್ದು ಕಡಿಮೆ ಇತ್ತು.

ಹೋದ ವರ್ಷ ಅವಳಿಗೆ ನನ್ನ ಹಳೆಯ ಪೆಟ್ಟಿಗೆಗಳನ್ನು ವಹಿಸಿಕೊಡುತ್ತಿದ್ದೆ. ಮುಕ್ಕೋನದ ಕಾಗದದ ತುದಿಗೆ ಅಂಟಿಸಿದ ಒಂದು ಜಿಗಿಯುವ ಇರುವೆ, ಜರ್ಡನ್ 1851ರಲ್ಲಿ ಹೆಸರಿಟ್ಟ ಹಾರ್ಪೆಗ್ನಾಥಸ್, ಅವಳ ಕಣ್ಣಿಗೆ ಬಿತ್ತು. ಗುಂಡುಪಿನ್ನಿನ ಕೆಳಗಿನ ಚೀಟಿಯನ್ನು ಗಟ್ಟಿಯಾಗಿ ಓದಿದಳು: ದೇವನಹಳ್ಳಿ ದಾರಿ, ಗೋಮಾಳ, ಹೊಂಗೆ ಮರದ ಬುಡ, 14 ಆಗಸ್ಟ್ 1996, ಬೆಳಿಗ್ಗೆ 6.40. “ಸರ್, ಇದೆಲ್ಲಿ ಬರುತ್ತೆ?” ಎಂದಳು. ಮರುದಿನ ಕರೆದುಕೊಂಡು ಹೋದೆ. ಬಡಾವಣೆಯ ಮೂರನೆಯ ಅಡ್ಡರಸ್ತೆಯಲ್ಲಿ, ಕಾಂಪೌಂಡಿನ ಪಕ್ಕ, ಇಲ್ಲೇ ಇರಬೇಕು ಎಂದು ತೋರಿಸಿದೆ. ಮರವಿರಲಿಲ್ಲ. ಅವಳು ಚರಂಡಿಯ ಅಂಚಿನಲ್ಲಿ ಕೂತು ಸಿಮೆಂಟಿನ ಬಿರುಕಿನಲ್ಲಿ ಸಾಲುಹಿಡಿದಿದ್ದ ಸಣ್ಣ ಕರಿ ಇರುವೆಗಳಲ್ಲಿ ನಾಲ್ಕನ್ನು ಸೀಸೆಗೆ ಹಾಕಿಕೊಂಡಳು. ಆಮೇಲೆ ಪೆನ್ಸಿಲ್ ಕೇಳಿದಳು.