ಚೌಕಟ್ಟಿನೊಳಗಣ ಚಿತ್ರ

ಯಾದಗಿರಿ ಜಿಲ್ಲೆಯ ಸುರಪುರವು ನಾಯಕ ಅರಸರ ರಾಜಧಾನಿಯಾಗಿತ್ತು. ಅವರ ಆಶ್ರಯದಲ್ಲಿ ಸುರಪುರ ಶೈಲಿಯ ಕಿರುಚಿತ್ರಕಲೆ ಬೆಳೆಯಿತು. ಕಲಾವಿದನು ದೇವದೇವತೆಗಳ ರೂಪಗಳನ್ನು ಸೂಕ್ಷ್ಮವಾದ ಕುಂಚದಿಂದ ಬರೆದು ಚಿನ್ನದಿಂದ ಸಿಂಗರಿಸುತ್ತಿದ್ದನು. ಅಂತಹ ಚಿತ್ರ ಒಂದೇ ಒಂದು. ಅದನ್ನು ಕಾಣುವ ಭಾಗ್ಯವೂ ಕೆಲವರಿಗೆ ಮಾತ್ರ. 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ ರಾಜಾ ವೆಂಕಟಪ್ಪ ನಾಯಕನ ಪತನದೊಡನೆ ಆ ರಾಜಾಶ್ರಯವು ತಪ್ಪಿತು.

ಮುಂದೆ ಚಿತ್ರವನ್ನು ಬಡವನ ಮನೆಗೂ ತಂದುದು ಮುದ್ರಣಯಂತ್ರ. 1894ರಲ್ಲಿ ರಾಜಾ ರವಿವರ್ಮನ ಅಚ್ಚುಕೂಟವು ಮುಂಬಯಿಯಲ್ಲಿ ಆರಂಭವಾಯಿತು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಚ್ಚನ್ನು ಸಿದ್ಧಪಡಿಸಿ, ಒಂದೇ ಚಿತ್ರದ ಸಾವಿರಾರು ಪ್ರತಿಗಳನ್ನು ತೆಗೆಯುತ್ತಿದ್ದರು. ಜನರು ಅವುಗಳಿಗೆ ಗಾಜಿನ ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿ ಪೂಜಿಸಿದರು.

ಇಂತಹ ಮುದ್ರಿತ ದೇವರ ಪಟಗಳು ಕಡಲನ್ನೂ ದಾಟಿದವು. 1967ರಲ್ಲಿ ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸನ ‘ಆಕ್ಸಿಸ್: ಬೋಲ್ಡ್ ಆ್ಯಸ್ ಲವ್’ ಎಂಬ ರಾಕ್ ಧ್ವನಿಮುದ್ರಿಕೆ ಹೊರಬಂದಿತು. ಅದರ ಹೊದಿಕೆಗೆ ವಿಷ್ಣುವಿನ ವಿಶ್ವರೂಪದ ಪಟವೊಂದು ಆಧಾರ. ಅದರ ಮೇಲೆ ಅವನ ಮತ್ತು ಸಂಗಡಿಗರ ಮುಖಗಳನ್ನು ಕೂಡಿಸಿದ್ದರು. ಹೆಂಡ್ರಿಕ್ಸನಿಗೇ ಅದು ಒಪ್ಪಿಗೆಯಾಗಲಿಲ್ಲ. ತನ್ನ ಪೂರ್ವಿಕರಾದ ಅಮೆರಿಕದ ಮೂಲನಿವಾಸಿಗಳ ಪರಂಪರೆಯೇ ತನಗೆ ತಕ್ಕುದೆಂದು ಅವನು ಭಾವಿಸಿದ್ದನು. ಇಂದು ಅಂತಹ ಹೊದಿಕೆಗಳ ಮುದ್ರಿತ ಪ್ರತಿಗಳಿಗೂ ಚೌಕಟ್ಟು ಹಾಕಿಸಿ ಮನೆಯನ್ನು ಅಲಂಕರಿಸುವವರುಂಟು.

ಒಂದೆಡೆ ಪೂಜ್ಯವಾದುದು ಮತ್ತೊಂದೆಡೆ ಅಲಂಕಾರವಾಯಿತು. ಚಿತ್ರವು ದೇಶದಿಂದ ದೇಶಕ್ಕೆ ಸಾಗುವುದು ಸಹಜ, ಅದನ್ನು ತಡೆಯಲಾಗದು. ಆದರೆ ಎರವಲು ಪಡೆದವನು ಅದರ ಅರ್ಥವನ್ನೂ, ಅದನ್ನು ಮೊದಲು ಬರೆದ ಕೈಯನ್ನೂ ಮರೆಯಬಾರದು. ಗೋಡೆಯ ಚಿತ್ರವನ್ನು ನೋಡುವಾಗ ಅದು ಎಲ್ಲಿಂದ ಬಂದಿತೆಂದು ಕೇಳುವುದೇ ಕಲೆಗೆ ನಾವು ಸಲ್ಲಿಸುವ ಮೊದಲ ಗೌರವ.